ಅಂಗಡಿ ಒಳಗೆ ಬೆನ್ನು ಬಿಡದೇ ಬಂದ್ರೆ ಏನ್ ಮಾಡೋದು ಅಕ್ಕ?

ಈ ತಿಂಗಳು ಬಂದಿರೋ ಪತ್ರ, ವಾಟ್ಸಾಪ್ ಮೆಸೇಜ್ ಎಲ್ಲಾ ಮುಂದಿಟ್ಕೊಂಡು ಕೂತ್ರೆ ಒಂದೇ ವಿಷಯ ತಿರುಗಿ ತಿರುಗಿ ಬಂದೈತೆ ನೋಡ್ರಿ. ಲಗ್ನದ ಸೀಜನ್ ಅಲ್ವಾ, ಬಳ್ಳಾರಿಯ ಬೆಂಗಳೂರು ರೋಡು, ರಾಯಚೂರಿನ ತೀನ್ ಕಂದೀಲು, ಕೊಪ್ಪಳ, ಗಂಗಾವತಿ ಎಲ್ಲಾ ಕಡೆ ಜವಳಿಗೆ, ಬಂಗಾರಕ್ಕೆ, ಫ್ರಿಜ್ಜಿಗೆ ಅಂತ ಜನ ಓಡಾಡ್ತಿದ್ದಾರೆ, ಓಡಾಡಿ ಬಂದೋರು ಬರೆದಿರೋದು ಮಾತ್ರ ಸಾಮಾನಿನ ಬಗ್ಗೆ ಕಮ್ಮಿ, ಅಂಗಡಿ ಒಳಗೆ ಹಿಂದೆ ಮುಂದೆ ಸುತ್ತೋ ಸೇಲ್ಸ್‌ನೋರ ಬಗ್ಗೆನೇ ಜಾಸ್ತಿ. ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟಿದೀನಿ, ಬೇಜಾರಾಗಬೇಡ್ರಿ.

ಅಕ್ಕ, ತಂಗಿ ಮದುವೆ ಜವಳಿ ತೆಗಿಯೋಕೆ ನಾನು, ಅಮ್ಮ, ಚಿಕ್ಕಮ್ಮ ಬಳ್ಳಾರಿಗೆ ಹೋಗಿದ್ವಿ. ಮೆಣಸಿನಕಾಯಿ ಮಾರಿದ ದುಡ್ಡು ಕೈಯಲ್ಲಿತ್ತು. ಗಾದಿ ಮುಂದೆ ಕೂತ ತಕ್ಷಣ ತಣ್ಣಗೆ ಜ್ಯೂಸ್ ಕೊಟ್ರು, ಆಮೇಲೆ ಒಂದ್ರ ಮೇಲೆ ಒಂದು ಸೀರೆ ಬಿಚ್ಚಿ ಹಾಕ್ತಾನೇ ಹೋದ್ರು, ಸಾಕು ಅಂದ್ರೂ ಕೇಳ್ಲಿಲ್ಲ, ಗುಡ್ಡೆ ಬಿತ್ತು. ಇಷ್ಟೆಲ್ಲಾ ಬಿಚ್ಚಿಸಿ ಹೆಂಗೆ ಎದ್ದು ಹೋಗೋದು ಅಂತ ಅಮ್ಮ 6,500ರ ಒಂದು ಸೀರೆ ತಗೊಂಡ್ಬಿಟ್ರು. ಮನೇಲಿ ಯಾರಿಗೂ ಇಷ್ಟ ಆಗಿಲ್ಲ. ವಾಪಸ್ ಕೊಡೋಕೆ ಹೋದ್ರೆ ಮಾರಿದ ಮಾಲು ವಾಪಸ್ ಇಲ್ಲ ಅಂತ ಬಿಲ್ ಮೇಲೆ ಅಚ್ಚಾಗಿರೋದು ತೋರಿಸ್ತಾರೆ. ಇನ್ನೂ ನೆಂಟರಿಗೆ ಕೊಡೋ ಆಯೇರಿ ಸೀರೆ ತಗೊಳ್ಳೋದು ಬಾಕಿ ಐತೆ, ಅಂಗಡಿಗೆ ಹೋಗೋಕೇ ಭಯ ಆಗ್ತಿದೆ. — ಓದುಗರು, ಸಿರುಗುಪ್ಪ ತಾಲೂಕು

ತಂಗಿ, ಮೊದಲು ಆ ಸೀರೆ ವಿಷಯ. ಬಿಲ್ ಮೇಲೆ ಹಂಗೆ ಅಚ್ಚು ಹಾಕಿಸಿದ ಮಾತ್ರಕ್ಕೆ ಅಂಗಡಿಯವರ ಜವಾಬ್ದಾರಿ ಮುಗಿಯಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲೈತೆ, ಅದ್ರ ಪ್ರಕಾರ ಮಾಲಲ್ಲಿ ದೋಷ ಇದ್ರೆ, ಜರಿ ಕಿತ್ತೈತೆ, ನೇಯ್ಗೆ ಹರಿದೈತೆ, ಅಂಥದ್ದಿದ್ರೆ, ಬಿಲ್ಲಲ್ಲಿ ಹೇಳಿದ ಅವಧಿಯೊಳಗೆ, ಅವಧಿನೇ ಬರೆದಿಲ್ಲ ಅಂದ್ರೆ 30 ದಿನದೊಳಗೆ ವಾಪಸ್ ತಗೊಂಡು ದುಡ್ಡು ಕೊಡಬೇಕು, ಕೊಡಲ್ಲ ಅಂದ್ರೆ ಅದು ಅನುಚಿತ ವ್ಯಾಪಾರ. ಬಿಲ್ಲೇ ಕೊಡದಿರೋದೂ ಅದೇ ಲೆಕ್ಕಕ್ಕೆ ಬರ್ತೈತೆ. ಆದ್ರೆ ಮನೇಲಿ ಇಷ್ಟ ಆಗ್ಲಿಲ್ಲ ಅನ್ನೋ ಕಾರಣಕ್ಕೆ ವಾಪಸ್ ತಗೊಳ್ಳೇಬೇಕು ಅಂತ ಆ ಕಾಯ್ದೆಯಲ್ಲಿಲ್ಲ, ಅದು ಅಂಗಡಿಯವರ ಮನಸ್ಸಿಗೆ ಬಿಟ್ಟಿದ್ದು. ಹಂಗಾಗಿ ನೀನು ದುಡ್ಡು ಕೇಳಬೇಡ, ಬದಲಿ ಕೇಳು. ಫಾಲ್ಸ್ ಹಚ್ಚಿಸಿರಬಾರದು, ಟ್ಯಾಗ್ ಕಿತ್ತಿರಬಾರದು, ಮಡಿಕೆ ಹಂಗೇ ಇರಬೇಕು. ಭಾನುವಾರ ಹೋಗಬೇಡ, ವಾರದ ನಡುವೆ ಮಧ್ಯಾಹ್ನ ಹೋಗಿ ಸೇಲ್ಸ್ ಹುಡುಗನ ಹತ್ರ ಅಲ್ಲ, ಗಲ್ಲಾದ ಮೇಲೆ ಕೂತ ಮಾಲೀಕರ ಹತ್ರನೇ ಮಾತಾಡು, ನಮ್ದು ಇನ್ನೂ ಆಯೇರಿ ಸೀರೆ ತಗೊಳ್ಳೋದೈತೆ ಸಾವ್ಕಾರ್ರೇ, ಇದನ್ನ ಅದ್ರಲ್ಲಿ ಹಿಡ್ಕೊಳ್ರಿ ಅಂತ ಹೇಳು. ಮುಂದೆ ಬರೋ ವ್ಯಾಪಾರ ಕಣ್ಣಿಗೆ ಕಂಡ್ರೆ ಸುಮಾರು ಜನ ಒಪ್ಕೊಂತಾರೆ.

ಈಗ ನಾಚಿಕೆ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನಿಮ್ಮಮ್ಮನ 6,500 ಹೋಗಿದ್ದು ಸೀರೆಗಲ್ಲ, ನಾಚಿಕೆಗೆ. ನಮ್ಮ ಸೋದರಮಾವ ಒಬ್ಬರು ಬಳ್ಳಾರೀಲಿ ಜವಳಿ ಅಂಗಡಿ ಗಾದಿ ಮೇಲೆ ಬಹಳ ವರ್ಷ ಕೂತೋರು, ಆ ಕೆಲಸ ಹೆಂಗೆ ನಡೀತೈತೆ ಅಂತ ಅವರು ಹೇಳೋದನ್ನ ನಾವು ಬಾಯಿ ಬಿಟ್ಕೊಂಡು ಕೇಳ್ತಿದ್ವಿ. ಸೀರೆ ಬಿಚ್ಚೋನು ಸೀರೆ ನೋಡಲ್ಲ, ನಿಮ್ಮ ಕೈ ನೋಡ್ತಾನೆ. ಸೆರಗು ಹಾಸಿದಾಗ ನೀವು ಬಾಯಲ್ಲಿ ಏನೂ ಅನ್ನದಿದ್ರೂ ಎರಡು ಬೆರಳಲ್ಲಿ ಅಂಚು ಹಿಡಿದು ಉಜ್ಜಿ ನೋಡಿದ್ರೆ ಸಾಕು, ಆ ಸೀರೆ ಮಾತಿಲ್ಲದೇ ಪಕ್ಕಕ್ಕೆ ಸರಿದು ಬಿಡ್ತೈತೆ, ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ನಾಲ್ಕು ಸೀರೆ ಕೂತಿರ್ತಾವೆ, ಅವನ್ನ ನೀವು ಆರಿಸಿದೀವಿ ಅಂತ ನಿಮಗೇ ಗೊತ್ತಿರಲ್ಲ. ಆಮೇಲೆ ಬೇಕಾ ಬೇಡ್ವಾ ಅನ್ನೋ ಮಾತೇ ಬರಲ್ಲ, ಕೆಂಪಾ ಹಸಿರಾ ಅಕ್ಕ ಅಂತಾನೆ. ರೇಟೂ ಅಷ್ಟೇ, ಮೊದಲು ದುಬಾರೀದು ಹಾಸ್ತಾನೆ, 12,000ದ್ದು ನೋಡಿದ ಕಣ್ಣಿಗೆ 6,500 ಕಮ್ಮಿ ಅನ್ನಿಸ್ತೈತೆ. ಕೊನೆಗೆ ಒಂದನ್ನ ಭುಜದ ಮೇಲೆ ಹಾಕಿ ಕನ್ನಡಿ ಮುಂದೆ ನಿಲ್ಲಿಸಿದ್ರೆ ಅಲ್ಲಿಗೆ ಮುಗೀತು. ಇದ್ರಲ್ಲಿ ಮೋಸ ಅಂತ ಏನೂ ಇಲ್ಲ, ಕಲಿತ ಕಸುಬು. ಆದ್ರೆ ಕೂತೋರಿಗೂ ಇದು ಗೊತ್ತಿರಬೇಕು.

ಆ ಜ್ಯೂಸು, ಆ ಬಿಚ್ಚಿದ ಸೀರೆ, ಎಸಿ, ಎಲ್ಲಾದ್ರ ಖರ್ಚು ಸೀರೆ ರೇಟಿನೊಳಗೇ ಸೇರಿರ್ತೈತೆ ತಂಗಿ, ತಗೊಂಡೋರು ಅದನ್ನ ಕೊಟ್ಟಿರ್ತಾರೆ, ನಾಳೆ ನೀವು ತಗೊಂಡಾಗ ನೀವೂ ಕೊಡ್ತೀರಿ. ಹಂಗಾಗಿ ಏನೂ ತಗೊಳ್ಳದೇ ಎದ್ದು ಬಂದ್ರೆ ಯಾರ ಋಣನೂ ಇಲ್ಲ. ಕೈ ಮುಗಿದು, ಚೆನ್ನಾಗಿ ತೋರಿಸಿದ್ರಿ ಅಣ್ಣ, ನಮಗೆ ಇವತ್ತು ಒಪ್ಪಿಗೆ ಆಗ್ಲಿಲ್ಲ, ಅಂತ ಹೇಳಿ ಎದ್ದೇಳೋದು ಮರ್ಯಾದೆಯ ಮಾತೇ. ಒಂದು ಸುತ್ತು ಹಾಕಿ ಬರ್ತೀವಿ ಅಂತ ಸುಳ್ಳು ಹೇಳೋದು ಬೇಡ, ಅವರಿಗೆ ಅದು ಸುಳ್ಳು ಅಂತ ಗೊತ್ತಿರ್ತೈತೆ, ನಿಮಗೆ ಆ ರಸ್ತೇಲಿ ವಾಪಸ್ ಹಾದು ಹೋಗೋಕೆ ಮುಜುಗರ.

ಆಯೇರಿ ಸೀರೆಗೆ ಹೋಗೋ ಮುಂಚೆ ಮನೇಲೇ ಕೂತು ಚೀಟಿ ಬರೀರಿ, ಅತ್ತೆ ಕಡೆಯೋರಿಗೆ ಎಷ್ಟು, ನಮ್ಮ ಕಡೆಯೋರಿಗೆ ಎಷ್ಟು, ಯಾವ ರೇಟಿಂದು, ಇಳಕಲ್ ಬೇಕಾ ಮೊಳಕಾಲ್ಮುರು ಬೇಕಾ ಸಾದಾ ಸಿಂಥೆಟಿಕ್ ಸಾಕಾ. ಗಾದಿ ಮುಂದೆ ಕೂತ ತಕ್ಷಣ, ಜ್ಯೂಸ್ ಬರೋಕೂ ಮುಂಚೆ, ಆ ಚೀಟಿ ಓದಿ ಹೇಳ್ಬಿಡ್ರಿ, ಅಣ್ಣ 800 ಒಳಗೆ ಹನ್ನೆರಡು ಸೀರೆ, ಅದ್ರ ಮ್ಯಾಲೆ ತೋರಿಸಬೇಡ, ಐದೈದೇ ಹಾಸು, ಬೇಡ ಅಂದಿದ್ದನ್ನ ಮಡಚಿ ಇಟ್ಟು ಮುಂದಿನ ಐದು ತೆಗಿ. ಗುಡ್ಡೆ ಬೀಳದಿದ್ರೆ ನಾಚಿಕೆನೂ ಬೆಳಿಯಲ್ಲ. ಇನ್ನೊಂದು, ಬೆಳಗ್ಗೆ ಅಂಗಡಿ ತೆಗೆದ ಹೊತ್ತಿಗೆ ಸುಮ್ನೆ ನೋಡೋಕೆ ಅಂತ ಹೋಗಬೇಡ್ರಿ. ಅದು ಬೋಣಿ ಹೊತ್ತು, ಮೊದಲನೇ ಗಿರಾಕಿ ಬರಿಗೈಲಿ ಹೋದ್ರೆ ದಿನ ಎಲ್ಲಾ ಹಂಗೇ ಅಂತ ನಂಬೋರು ಈಗಲೂ ಅದಾರೆ, ಬಿಡೋದೇ ಇಲ್ಲ. ಬಳ್ಳಾರಿ ಬಿಸಿಲಿಗೆ ಮಧ್ಯಾಹ್ನ ಎರಡರಿಂದ ನಾಲ್ಕು ಅಂಗಡಿ ಖಾಲಿ ಹೊಡೀತಿರ್ತೈತೆ, ಕೊಡೆ ಹಿಡ್ಕೊಂಡಾದ್ರೂ ಆಗ ಹೋಗ್ರಿ. ಜೊತೆಗೆ ಚಿಕ್ಕಮ್ಮನೋ ದೊಡ್ಡಮ್ಮನೋ, ಬೇಡ ಅನ್ನೋದನ್ನ ಬಾಯಿಬಿಟ್ಟು ಹೇಳೋರು ಒಬ್ಬರು ಇರಲಿ.

ಮೇಡಂ, ಫ್ರಿಜ್ ತಗೊಳ್ಳೋಕೆ ರಾಯಚೂರಿನ ದೊಡ್ಡ ಶೋರೂಮಿಗೆ ಹೋಗಿದ್ದೆ. ನಾನು ಕೇಳಿದ ಕಂಪನಿ ಫ್ರಿಜ್ ಮುಂದೆ ನಿಂತ್ರೆ ಒಬ್ಬ, ಪಕ್ಕಕ್ಕೆ ಸರಿದ್ರೆ ಇನ್ನೊಬ್ಬ, ಒಬ್ಬ ಹೇಳಿದ್ದನ್ನ ಇನ್ನೊಬ್ಬ ಅಲ್ಲ ಅಂತಾನ. ಕಡೀಕ ಬಿಲ್ ಮಾಡಾಕ ಹೋದ್ರ ಎಕ್ಸ್‌ಟೆಂಡೆಡ್ ವಾರಂಟಿ, ಇಎಂಐ ಕಾರ್ಡು ಅಂತ ಮತ್ತ ಶುರು. ತಲಿ ಕೆಟ್ಟು ಹಂಗ ಬಂದೀನಿ. ಬಿಸಲು ನೋಡಿದ್ರ ಫ್ರಿಜ್ ಬೇಕಾ ಬೇಕು. — ಓದುಗರು, ಮಾನ್ವಿ

ಅಣ್ಣಾರೆ, ಅಲ್ಲಿ ನಿಂತಿರೋ ಹುಡುಗರೆಲ್ಲಾ ಶೋರೂಮಿನ ಹುಡುಗರಲ್ಲ, ಅರ್ಧ ಗೊಂದಲ ಇಲ್ಲೇ ಹುಟ್ಟೋದು. ಅದ್ರಲ್ಲಿ ಎಷ್ಟೋ ಜನ ಪ್ರಮೋಟರ್‌ಗಳು, ಒಂದೊಂದು ಕಂಪನಿ ತನ್ನ ಮಾಲು ಮಾರೋಕೆ ನಿಲ್ಲಿಸಿರೋರು, ಸಂಬಳ ಕಂಪನಿ ಕಡೆಯಿಂದ, ತಿಂಗಳಿಗೆ ಇಷ್ಟು ಪೀಸ್ ಅಂತ ಟಾರ್ಗೆಟ್, ಮೇಲೆ ಇನ್ಸೆಂಟಿವ್. ನಿಮ್ಮನ್ನ ಪಕ್ಕದ ಕಂಪನಿ ಫ್ರಿಜ್ಜಿನ ಕಡೆ ಬಿಟ್ಟುಕೊಟ್ರೆ ಅವನ ಊಟಕ್ಕೇ ಕಲ್ಲು. ಅದಕ್ಕೆ ಮೊದಲನೇ ಮಾತು ಇದೇ ಕೇಳ್ರಿ: ತಮ್ಮಾ, ನೀನು ಅಂಗಡಿಯವನಾ ಕಂಪನಿಯವನಾ? ಬೈಯೋ ದನಿಯಲ್ಲಿ ಬೇಡ, ಸಾದಾ ಕೇಳ್ರಿ, ನೇರವಾಗೇ ಹೇಳ್ತಾರೆ. ಕಂಪನಿಯವನಾದ್ರೆ ಅವನ ಫ್ರಿಜ್ಜಿನ ಬಗ್ಗೆ ಅವನಿಗಿಂತ ಚೆನ್ನಾಗಿ ಹೇಳೋರು ಅಲ್ಲಿ ಯಾರೂ ಇಲ್ಲ, ಆ ಮಟ್ಟಿಗೆ ಕೇಳ್ರಿ, ಪಕ್ಕದ ಕಂಪನಿ ಬಗ್ಗೆ ಅವನ ಮಾತು ಬಿಡ್ರಿ.

ಹುಡುಗರ ಬಾಯಿಗಿಂತ ಫ್ರಿಜ್ ಬಾಗಿಲಿಗೆ ಅಂಟಿಸಿರೋ ಸ್ಟಾರ್ ಲೇಬಲ್ ನೋಡ್ರಿ. ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ಅಂತ ಅದ್ರ ಮೇಲೇ ಬರೆದಿರ್ತೈತೆ, ಆ ಲೇಬಲ್ ಯಾವ ಅವಧಿದು ಅನ್ನೋದೂ ಇರ್ತೈತೆ. ಸ್ಟಾರ್ ಲೆಕ್ಕ ಆಗಾಗ ಬಿಗಿ ಮಾಡ್ತಾರೆ, ಹಳೇ ಅವಧಿಯ ಸ್ಟಾರೂ ಹೊಸ ಅವಧಿಯ ಸ್ಟಾರೂ ಒಂದೇ ಅಲ್ಲ, ಹೋಗದೇ ಉಳಿದ ಹಳೇ ಸ್ಟಾಕ್ ನೂಕೋಕೆ ಕೆಲವು ಕಡೆ ಹುಡುಗರಿಗೆ ಜಾಸ್ತಿ ಇನ್ಸೆಂಟಿವ್ ಕೊಡೋದೂ ಉಂಟು. ನಮ್ಮ ಕಡೆ ಏಪ್ರಿಲ್ ಮೇನಲ್ಲಿ ಫ್ರಿಜ್ ಉಸಿರು ಬಿಡದೇ ದುಡೀತೈತೆ, ಯೂನಿಟ್ ಲೆಕ್ಕ ಬಹಳ ಮುಖ್ಯ.

ಇಎಂಐ ವಿಷಯಕ್ಕೆ, ಬಡ್ಡಿನೇ ಇಲ್ಲ ಅಂತಾರಲ್ಲ, ಬಡ್ಡಿ ಇಲ್ಲದೇ ಯಾರೂ ಸಾಲ ಕೊಡಲ್ಲ, ಆ ಬಡ್ಡಿ ದುಡ್ಡನ್ನ ಎಲ್ಲೋ ಒಂದು ಕಡೆ ರೇಟಲ್ಲೋ ಡಿಸ್ಕೌಂಟಲ್ಲೋ ಹೊಂದಿಸಿರ್ತಾರೆ, ಮೇಲೆ ಪ್ರೊಸೆಸಿಂಗ್ ಫೀ, ಅದಕ್ಕೆ ಜಿಎಸ್‌ಟಿ. ಪೂರ್ತಿ ನಗದು ಕೊಟ್ರೆ ಎಷ್ಟು, ಕಂತಲ್ಲಿ ಎಲ್ಲಾ ಸೇರಿ ಎಷ್ಟು, ಎರಡೂ ಒಂದೇ ಹಾಳೆ ಮೇಲೆ ಬರೆಸ್ಕೊಳ್ರಿ. ಎಕ್ಸ್‌ಟೆಂಡೆಡ್ ವಾರಂಟಿ ಅಂದ ತಕ್ಷಣ ಕೇಳಬೇಕಾದ್ದು ಒಂದೇ, ಕೆಟ್ರೆ ಬರೋರು ಕಂಪನಿಯವರಾ ಬೇರೆ ಯಾರೋ ಏಜೆನ್ಸಿಯವರಾ, ಮತ್ತೆ ಕಂಪ್ರೆಸರಿಗೆ ಕಂಪನಿಯೇ ಮೊದಲೇ ಎಷ್ಟು ವರ್ಷ ಕೊಟ್ಟೈತೆ. ಎಷ್ಟೋ ಮಾಡೆಲ್ಲಿಗೆ ಕಂಪ್ರೆಸರ್ ವಾರಂಟಿ ಹತ್ತು ವರ್ಷ ಕಂಪನಿದೇ ಇರ್ತೈತೆ, ಅದನ್ನೇ ಇನ್ನೊಂದು ಸಲ ದುಡ್ಡು ಕೊಟ್ಟು ಯಾಕೆ ತಗೊಂತೀರಿ? ಬೇಡ ಅಂದ್ಮೇಲೂ ಬಿಲ್ಲಲ್ಲಿ ಸೇರಿಸಿದ್ರೆ ಬಿಲ್ ತಿದ್ದಿಸಿ ಕೊಡೋವರೆಗೂ ದುಡ್ಡು ಕೊಡಬೇಡ್ರಿ, ಕೊಟ್ಟಾದ ಮೇಲೆ ಗೊತ್ತಾದ್ರೆ 1915ಕ್ಕೆ ಫೋನ್ ಮಾಡ್ರಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಹೇಳ್ಬಹುದು.

ಬಂಗಾರದ ಅಂಗಡೀಲಿ ಕಿವಿಯೋಲೆ ನೋಡೋಕೆ ಹೋದ್ರೆ ನೆಕ್ಲೇಸು ಹಾರ ಎಲ್ಲಾ ಕೊರಳಿಗೇ ಹಾಕಿ ಫೋಟೋ ತೆಗೀತಾರೆ, ನಿಮಗೇ ಮಾಡಿಸಿದಂಗೈತಿ ಅಂತಾರ. ಹೆಂಗ ತಪ್ಪಿಸ್ಕೊಳ್ಳೋದು? — ಗಂಗಾವತಿ

ಕೊರಳು ಮುಟ್ಟೋಕೆ ಬಿಡಬೇಡ್ರಿ, ಅಷ್ಟೇ. ಟ್ರೇ ಇಲ್ಲಿಡ್ರಿ, ನಾನೇ ಹಾಕ್ಕೊಂಡು ನೋಡ್ತೀನಿ, ಓಲೆ ಮಾತ್ರ ತೋರಿಸ್ರಿ ಅಂತ ಹೇಳ್ರಿ. ಮೆಚ್ಚಿಗೆ ಮಾತು ಜೋರಾದಷ್ಟೂ ಲೆಕ್ಕದ ಮಾತು ಶುರು ಮಾಡ್ರಿ, ಇವತ್ತಿನ ಗ್ರಾಂ ರೇಟ್ ಎಷ್ಟು, ಮೇಕಿಂಗ್ ಅಂದ್ರೆ ಮಾಡಿದ ಕೂಲಿ ಎಷ್ಟು ಪರ್ಸೆಂಟ್, ವೇಸ್ಟೇಜ್ ಎಷ್ಟು, ಕಲ್ಲಿನ ತೂಕ ಕಳೆದಿದೀರಾ, ಜಿಎಸ್‌ಟಿ 3 ಪರ್ಸೆಂಟ್ ಸೇರಿ ಒಟ್ಟು ಎಷ್ಟು. ಗ್ರಾಂ ರೇಟ್ ಬೋರ್ಡ್ ಮೇಲಿರ್ತೈತೆ, ಚೌಕಾಸಿ ಮಾಡೋಕೆ ಜಾಗ ಇರೋದು ಮೇಕಿಂಗಲ್ಲೇ. 22 ಕ್ಯಾರೆಟ್ ಆದ್ರೆ ಶುದ್ಧತೆ ಹೇಳೋ 916 ಅಚ್ಚಿನ ಜೊತೆಗೆ ಆ ಒಂದು ಒಡವೆಗೇ ಕೊಟ್ಟಿರೋ ಆರು ಅಕ್ಷರ ಅಂಕಿಯ ಎಚ್‌ಯುಐಡಿ ನಂಬರ್ ಇರಲೇಬೇಕು, ಹಾಲ್‌ಮಾರ್ಕ್ ಕಡ್ಡಾಯ ಇರೋ ಜಿಲ್ಲೆಗಳಲ್ಲಿ 2023ರ ಏಪ್ರಿಲ್ 1ರಿಂದ ಅದಿಲ್ಲದ ಹಾಲ್‌ಮಾರ್ಕ್ ಒಡವೆ ಮಾರೋ ಹಂಗಿಲ್ಲ. ಹಾಲ್‌ಮಾರ್ಕ್ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಲ್ಲಿ ಆ ನಂಬರ್ ಹಾಕಿ ಅಲ್ಲೇ ನಿಂತು ನೋಡ್ರಿ. ಒಡವೆ ಬಲ್ಲೋರು ಅಂತ ಗೊತ್ತಾದ್ರೆ ಹೊಗಳಿಕೆ ತಾನಾಗೇ ಕಮ್ಮಿ ಆಗ್ತೈತೆ.

ಅಕ್ಕ ನಾನು ಬಳ್ಳಾರೀಲಿ ಹಾಸ್ಟೆಲಲ್ಲಿ ಇದ್ದು ಡಿಗ್ರಿ ಓದ್ತಿದೀನಿ. ಇಲ್ಲಿ ಒಂದು ದೊಡ್ಡ ಅಂಗಡಿಗೆ ಫೇಸ್ ಕ್ರೀಮ್ ತಗೊಳ್ಳೋಕೆ ಹೋದಾಗೆಲ್ಲ ಒಬ್ಬಳು ಹಿಂದೇನೇ ಬರ್ತಾಳೆ, ಏನ್ ಬೇಕು ಅಂತ ಕೇಳಲ್ಲ, ಸುಮ್ನೆ ಕೈ ನೋಡ್ತಾ ನಿಂತಿರ್ತಾಳೆ. ನನ್ನ ಜೊತೆ ಬಂದ ಕ್ಲಾಸ್‌ಮೇಟ್ ಕಾರಲ್ಲಿ ಬರೋಳು, ಅವಳ ಹಿಂದೆ ಯಾರೂ ಹೋಗಲ್ಲ. ಒಂದಿನ ಹೊರಗೆ ಬರುವಾಗ ಬ್ಯಾಗ್ ತೆಗಿ ಅಂದ್ರು. ನಂಗೆ ಅಳು ಬಂತು. — ಹೆಸರು ಬೇಡ

ಪುಟ್ಟಿ, ನಿನ್ನ ಪತ್ರ ಓದಿ ನಂಗೆ ಸಿಟ್ಟು ಬಂದಿದ್ದು ಇನ್ನೂ ಇಳಿದಿಲ್ಲ. ಮೇಲಿನ ಮೂರು ಪತ್ರದಲ್ಲಿ ಇರೋದು ವ್ಯಾಪಾರದ ಆಸೆ, ನಿನಗೆ ಆಗಿರೋದು ಅನುಮಾನ. ಚಪ್ಪಲಿ ನೋಡಿ, ಬಟ್ಟೆ ನೋಡಿ, ಮೈಬಣ್ಣ ನೋಡಿ ಇವಳು ಕದಿಯೋಳು ಅಂತ ಮನಸ್ಸಲ್ಲೇ ತೀರ್ಮಾನ ಮಾಡೋದು. ಅದನ್ನ ನೀನು ಸಹಿಸಬೇಕಾಗಿಲ್ಲ.

ಮುಂದಿನ ಸಲ ಹಂಗೆ ನಿಂತ್ರೆ ತಿರುಗಿ ಅವಳ ಮುಖ ನೋಡಿ ಕೇಳು, ಅಕ್ಕ ಏನಾದ್ರೂ ಹೇಳ್ಬೇಕಿತ್ತಾ? ಪಕ್ಕದೋರಿಗೆ ಕೇಳೋ ಅಷ್ಟು ದನಿಯಲ್ಲಿ. ಆಮೇಲೂ ಸರೀಲಿಲ್ಲ ಅಂದ್ರೆ ನೇರ ಮ್ಯಾನೇಜರ್ ಹತ್ರ ಹೋಗು, ನಿಮ್ಮ ಸ್ಟಾಫ್ ನನ್ನ ಹಿಂದೆ ಯಾಕೆ ಬರ್ತಿದಾರೆ, ಎಲ್ಲರ ಹಿಂದೆನೂ ಹೋಗ್ತಾರಾ, ಅಂತ ಕೇಳು. ಆ ಹುಡುಗಿ ಜೊತೆ ಜಗಳ ಮಾಡಿ ಉಪಯೋಗ ಇಲ್ಲ, ಇಂಥೋರ ಮೇಲೆ ಕಣ್ಣಿಡು ಅಂತ ಅವಳಿಗೆ ಮೇಲಿನಿಂದ ಹೇಳಿರ್ತಾರೆ, ಅವಳೂ ನಿನ್ನಂಗೆ ಯಾವುದೋ ಹಳ್ಳಿಯಿಂದ ಬಸ್ಸಲ್ಲಿ ಬಂದು ಹೋಗೋಳೇ ಇರ್ತಾಳೆ.

ಬ್ಯಾಗ್ ವಿಷಯ ಸರಿಯಾಗಿ ತಿಳ್ಕೋ. ಬಾಗಿಲಲ್ಲಿ ಬಿಲ್ ಕೇಳಿದ್ರೆ ತೋರಿಸು, ಅದು ಎಲ್ಲರಿಗೂ ಇರೋದೇ. ಆದ್ರೆ ನಿನ್ನ ಒಪ್ಪಿಗೆ ಇಲ್ಲದೇ ಬ್ಯಾಗಿಗೆ ಕೈ ಹಾಕೋ, ಮೈ ಮುಟ್ಟಿ ಹುಡುಕೋ ಅಧಿಕಾರ ಅಂಗಡಿಯವರಿಗಿಲ್ಲ. ಅನುಮಾನ ಇದ್ರೆ ಸಿಸಿಟಿವಿ ನೋಡ್ಕೊಳ್ಲಿ, ಪೊಲೀಸರನ್ನ ಕರೀಲಿ. ಹೋಗೋಕೆ ಬಿಡದೇ ಬಾಗಿಲಿಗೆ ಅಡ್ಡ ನಿಂತ್ರೆ ಅದು ಅಕ್ರಮ ತಡೆ, ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಮಿನ ಕೆಳಗೆ ಬರ್ತೈತೆ, ನೀನೇ 112ಕ್ಕೆ ಫೋನ್ ಮಾಡು. ಆ ಅಂಗಡಿ ಬಿಟ್ಟು ಬೇರೆ ಕಡೆ ಹೋಗು ಅಂತ ನಾನು ಹೇಳಲ್ಲ. ಅಲ್ಲಿಗೇ ಹೋಗು, ಗೆಳತೀರನ್ನ ಕರ್ಕೊಂಡು ಹೋಗು, ನಿಂಗೆ ಬೇಕಾದ ಕ್ರೀಮ್ ನಿಧಾನಕ್ಕೆ ಓದಿ ನೋಡಿ ತಗೋ.

ಬಿಲ್ ಮಾಡುವಾಗ ಮೊಬೈಲ್ ನಂಬರ್ ಹೇಳ್ಲೇಬೇಕು ಅಂತಾರೆ, ಆಮೇಲೆ ದಿನಾ ಮೆಸೇಜು, ಫೋನು. ಕೊಡ್ಲೇಬೇಕಾ? — ಹೊಸಪೇಟೆ ರಸ್ತೆ, ಕೊಪ್ಪಳ

ಕೊಡಬೇಕಾಗಿಲ್ಲ. ನಂಬರ್ ಕೊಡಲ್ಲ ಅನ್ನೋ ಕಾರಣಕ್ಕೆ ಬಿಲ್ ತಡೆಯೋದು ಸರಿಯಲ್ಲ ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೇ 2023ರ ಮೇನಲ್ಲಿ ಅಂಗಡಿಯವರಿಗೆ ಹೇಳೈತೆ. ವಾರಂಟಿ ಸಾಮಾನಾದ್ರೆ ನಂಬರ್ ಕೊಟ್ರೆ ನಿಮಗೇ ಅನುಕೂಲ, ಸಬ್ಬಕ್ಕಿ ಸೋಪಿಗೆಲ್ಲಾ ಬೇಕಿಲ್ಲ. ನಂಬರ್ ಬೇಡ, ಬಿಲ್ ಕೊಡಮ್ಮ ಅಂದ್ರೆ ಸಾಕು.

ಅಕ್ಕ, ನಾನು ಬಳ್ಳಾರಿಯ ಒಂದು ಬಟ್ಟೆ ಅಂಗಡೀಲಿ ಸೇಲ್ಸ್ ಕೆಲಸ ಮಾಡ್ತೀನಿ. ಗಿರಾಕಿ ಬಂದ ತಕ್ಷಣ ಹಿಂದೆ ಹೋಗ್ಬೇಕು, ಬರಿಗೈಲಿ ಹೋದ್ರೆ ಸೂಪರ್‌ವೈಸರ್ ಎಲ್ಲರ ಮುಂದೆ ಬೈತಾರೆ, ಗಿರಾಕಿ ಹಿಂದೆ ಹೋದ್ರೆ ಗಿರಾಕಿ ಬೈತಾರೆ. ಒಬ್ಬರು ನಾಯಿ ಥರ ಹಿಂದೆ ಬರಬೇಡ ಅಂದ್ರು. ಬೆಳಗ್ಗೆ ಹತ್ತರಿಂದ ರಾತ್ರಿ ಒಂಬತ್ತು ನಿಂತೇ ಇರ್ತೀವಿ, ಕಾಲು ಬಾತ್ಕೊಂತಾವೆ. ನಿಮ್ಮ ಪೇಪರಲ್ಲಿ ನಮ್ಮ ಬಗ್ಗೆನೂ ಒಂದು ಮಾತು ಬರೀರಿ.

ಬರೀತೀನಿ ತಂಗಿ, ಮೇಲಿನ ಪತ್ರ ಬರೆದೋರೂ ಇದನ್ನ ಓದ್ಲಿ. ನಿನಗೆ ಹಂಗೆ ಅಂದೋರ ಮಾತು ದೊಡ್ಡ ತಪ್ಪು. ಗಿರಾಕಿಗೆ ಬೇಡ ಅನ್ನೋ ಹಕ್ಕೈತೆ, ಹೀನಾಯವಾಗಿ ಅನ್ನೋ ಹಕ್ಕಿಲ್ಲ. ಗಿರಾಕಿ ಬಾಗಿಲಲ್ಲೇ ಸೇಲ್ಸ್ ಹುಡುಗಿಗೆ, ಅಮ್ಮಾ ನಾನು ಹತ್ತು ನಿಮಿಷ ನೋಡ್ತೀನಿ, ಬೇಕಾದ್ರೆ ನಿನ್ನೇ ಕರೀತೀನಿ, ಅಂತ ಹೇಳಿ, ಹೇಳಿದಂಗೆ ಬೇಕಾದಾಗ ಅವಳನ್ನೇ ಕರೆದ್ರೆ ಅವಳ ಲೆಕ್ಕಕ್ಕೂ ಒಂದು ಬಿಲ್ ಸೇರ್ತೈತೆ. ಓದುಗರೇ, ದಯವಿಟ್ಟು ಈ ಒಂದು ಮಾತು ರೂಢಿ ಮಾಡ್ಕೊಳ್ರಿ. ಮುಖ ತಿರುಗಿಸಿ ಮೊಬೈಲ್ ನೋಡ್ತಾ ನಿಂತ್ರೆ ಅವರಿಗೆ ಏನ್ ತಿಳಿಬೇಕು?

ನೀನೂ ಗಿರಾಕಿ ಬಂದಾಗ ಏನ್ ಬೇಕು ಅಂತ ಕೇಳೋ ಬದಲು, ನೋಡ್ತಾ ಇರ್ರಿ ಅಕ್ಕ, ಸೈಜ್ ಬೇಕಾದ್ರೆ ಕರೀರಿ, ನಾನು ಈ ಕನ್ನಡಿ ಹತ್ರ ಇರ್ತೀನಿ, ಅಂತ ಹೇಳಿ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲು. ಸೂಪರ್‌ವೈಸರ್ ಕಣ್ಣಿಗೆ ನೀನು ಕೆಲಸದಲ್ಲೇ ಇದೀಯ, ಗಿರಾಕಿಗೂ ಉಸಿರಾಡೋಕೆ ಜಾಗ. ದಕ್ಷಿಣ ಕೊರಿಯಾದ ಇನಿಸ್‌ಫ್ರೀ ಅನ್ನೋ ಕಾಸ್ಮೆಟಿಕ್ ಕಂಪನಿ 2016ರಲ್ಲಿ ಅಂಗಡಿ ಬಾಗಿಲಲ್ಲಿ ಎರಡು ಥರ ಬುಟ್ಟಿ ಇಟ್ಟಿತ್ತು, ಒಂದು ತಗೊಂಡ್ರೆ ಸಹಾಯ ಬೇಕು ಅಂತ, ಇನ್ನೊಂದು ತಗೊಂಡ್ರೆ ನಾನೇ ನೋಡ್ಕೊಂತೀನಿ ಅಂತ. ಬೆಂಗಳೂರು ರೋಡಿನ ಮಾಲೀಕರು ಎರಡು ಬಣ್ಣದ ಬುಟ್ಟಿ ತರಿಸೋದು ದೊಡ್ಡ ಖರ್ಚೇನಲ್ಲ, ಈ ಪುಟ ಅವರ ಗಲ್ಲಾದ ಮೇಲೂ ಹೋಗ್ತೈತೆ ಅಂತ ನಂಗೆ ಗೊತ್ತು, ಅದಕ್ಕೇ ಬರೀತಿದೀನಿ.

ಕೂರೋ ವಿಷಯ ಇನ್ನೂ ದೊಡ್ಡದು. ಕೇರಳದಲ್ಲಿ ಜವಳಿ ಅಂಗಡಿ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಟ ಮಾಡಿದ ಮೇಲೆ 2018ರಲ್ಲಿ ಅಲ್ಲಿನ ಸರ್ಕಾರ ಅಂಗಡಿ ಕಾಯ್ದೆ ತಿದ್ದಿ ಕೆಲಸಗಾರರಿಗೆ ಕೂರೋ ಸೌಕರ್ಯ ಕಡ್ಡಾಯ ಮಾಡ್ತು, 2021ರಲ್ಲಿ ತಮಿಳುನಾಡೂ ಮಾಡ್ತು. ಅಲ್ಲೇನು ವ್ಯಾಪಾರ ನಿಂತು ಹೋಗಿಲ್ಲ. ಗಿರಾಕಿ ಇಲ್ಲದ ಮಧ್ಯಾಹ್ನ ಹೊತ್ತಲ್ಲಿ ಸ್ಟೂಲ್ ಮೇಲೆ ಕೂತ್ರೆ ಯಾರಿಗೂ ನಷ್ಟ ಇಲ್ಲ. ವಾರಕ್ಕೊಂದು ರಜೆ ಮಾತ್ರ ನಮ್ಮ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೇ ಐತೆ, ಅದಕ್ಕೆ ಸಂಬಳ ಕಡಿಯೋ ಹಂಗಿಲ್ಲ. ನಿಂಗೆ ಆ ರಜೆ ಸಿಗ್ತಿದೆಯಾ ಇಲ್ವಾ ಅಂತ ನೀನು ಬರೆದಿಲ್ಲ. ಸಿಗ್ತಿಲ್ಲ ಅಂದ್ರೆ ಒಬ್ಬಳೇ ಕೇಳೋಕೆ ಹೋಗಬೇಡ, ಜೊತೆಯೋರೆಲ್ಲಾ ಸೇರಿ ಒಂದೇ ಹಾಳೆ ಮೇಲೆ ರಜೆ, ಸ್ಟೂಲು ಎರಡನ್ನೂ ಬರೆದು ಸಹಿ ಹಾಕಿ ಮಾಲೀಕರಿಗೆ ಕೊಡ್ರಿ, ಒಂದು ಕಾಪಿ ನಿಮ್ಮ ಹತ್ರ ಇಟ್ಕೊಳ್ರಿ, ಅವರು ಕಿವಿಗೆ ಹಾಕ್ಕೊಳ್ಳದಿದ್ರೆ ರಜೆ ವಿಷಯಕ್ಕೆ ಅದೇ ಕಾಪಿ ಹಿಡ್ಕೊಂಡು ಬಳ್ಳಾರೀಲಿರೋ ಕಾರ್ಮಿಕ ಇಲಾಖೆ ಆಫೀಸಿಗೆ ಹೋಗ್ರಿ, ಅಲ್ಲಿ ಏನಾಯ್ತು ಅಂತ ನಂಗೆ ಬರೀರಿ.